ಗೃಹವಿಚಾರ: ಕೆದರುವ ಕೂದಲೂ ಮನೆಯ ಎಣ್ಣೆಯೂ

ಮೃಗಶಿರಾ ಮಳೆ ಹಿಡಿದೊಡನೆ ನಮ್ಮ ತ್ಯಾವಣಿಗೆಯ ಮನೆಗಳಲ್ಲಿ ಒಂದು ದೂರು ವರ್ಷವರ್ಷವೂ ಕೇಳಿಬರುತ್ತದೆ. ಬೇಸಗೆಯಲ್ಲಿ ಹೇಗೋ ಹೆಣಿಗೆಗೆ ಒಳಪಡುತ್ತಿದ್ದ ಹೆಣ್ಣುಮಕ್ಕಳ ಗುಂಗುರು ಕೂದಲು, ಮೋಡ ಕವಿದ ದಿನಗಳಲ್ಲಿ ನಾಲ್ಕು ದಿಕ್ಕಿಗೂ ಎದ್ದು ನಿಂತು, ಬಾಚಣಿಗೆಯ ಹಲ್ಲುಗಳನ್ನು ಮುರಿಯುವಷ್ಟು ಒರಟಾಗುವುದು. ಶಾಲೆಯ ಗಂಟೆ ಸಮೀಪಿಸುತ್ತಿರುವಾಗ ತಾಯಿಯು ಆ ತಲೆಯ ಮೇಲೆ ಒಂದು ಬೊಗಸೆ ಎಣ್ಣೆಯನ್ನು ಸುರಿದು, ಬಿಗಿದು ಹೆಣೆದು, ಮಗುವಿನ ಕಣ್ಣಿನಲ್ಲಿ ನೀರು ಬರಿಸಿ ಕಳುಹಿಸುವಳು. ಮಧ್ಯಾಹ್ನದ ಹೊತ್ತಿಗೆ ಕೂದಲು ಮತ್ತೆ ಕೆದರಿರುವುದು. ಎಣ್ಣೆಯು ಹಣೆಗೂ ಕೊರಳಿಗೂ ಇಳಿದು ಧೂಳನ್ನು ಹಿಡಿದಿರುವುದು. ಇಂತಹ ಕೂದಲಿಗೆ ಯಾವ ಎಣ್ಣೆ, ಎಷ್ಟು, ಯಾವಾಗ ಎಂಬ ಪ್ರಶ್ನೆಯನ್ನು ಹಲವರು ಗೃಹಸ್ಥರು ಕೇಳಿರುವುದರಿಂದ, ಈ ತಿಂಗಳು ಅದನ್ನೇ ಎತ್ತಿಕೊಂಡಿದ್ದೇನೆ.

ಮೊದಲು ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ಗುಂಗುರು ಕೂದಲು ರೋಗವಲ್ಲ. ಎಣ್ಣೆಯು ಅದನ್ನು ನೆಟ್ಟಗೆ ಮಾಡುವ ಔಷಧವೂ ಅಲ್ಲ. ಅಮರಕೋಶವು ಸುರುಳಿಗೂದಲಿಗೆ ‘ಅಲಕ’ ಎಂದೂ ‘ಚೂರ್ಣಕುಂತಲ’ ಎಂದೂ ಪ್ರತ್ಯೇಕವಾದ ಹೆಸರುಗಳನ್ನು ಕೊಟ್ಟು ಗೌರವಿಸಿದೆ. ನಮ್ಮ ನಾಡಿನ ಬಹುಭಾಗಕ್ಕೆ ಹಿಂದೆ ಕುಂತಲದೇಶವೆಂದೇ ಹೆಸರಿತ್ತು, ಕುಂತಲವೆಂದರೆ ಮುಂಗುರುಳು. ಇಂತಹ ದೇಶದಲ್ಲಿ ಹುಟ್ಟಿದ ಹೆಣ್ಣುಮಗು ತನ್ನ ಗುಂಗುರಿಗಾಗಿ ನಾಚಿಕೊಳ್ಳಬೇಕಾಗಿ ಬಂದಿರುವುದು ವಿಪರ್ಯಾಸವೇ ಸರಿ. ಇದಕ್ಕೆ ಕಾರಣವೂ ಇಲ್ಲದೆ ಇಲ್ಲ. ಎಣ್ಣೆ ಕಾಣದ ಒರಟು ತಲೆಯು ನಮ್ಮ ಕಾವ್ಯಗಳಲ್ಲಿ ದುಃಖದ ಗುರುತು. ಮೇಘದೂತದ ಯಕ್ಷಪತ್ನಿಯು ಪತಿವಿಯೋಗದಲ್ಲಿ ಒಂದೇ ಒರಟು ಜಡೆಯನ್ನು ಹೊತ್ತು ಕುಳಿತಿರುವಳಷ್ಟೆ. ಸೂತಕದ ಮನೆಯಲ್ಲಿ ಇಂದಿಗೂ ತಲೆಗೆ ಎಣ್ಣೆ ಮುಟ್ಟಿಸುವುದಿಲ್ಲ. ಆದಕಾರಣ ಕೆದರಿದ ತಲೆಯನ್ನು ಕಂಡೊಡನೆ ನಮ್ಮ ಹಿರಿಯ ಹೆಂಗಸರಿಗೆ ಬಡತನವೋ ಅಮಂಗಳವೋ ನೆನಪಿಗೆ ಬರುವುದು. ಹುಟ್ಟಿನಿಂದಲೇ ಗುಂಗುರಾದ ಕೂದಲಿಗೆ ಈ ಅಪವಾದವು ಸಲ್ಲತಕ್ಕದ್ದಲ್ಲ.

ಎಣ್ಣೆಯ ವಿಷಯದಲ್ಲಿ ಹಳಬರಿಗಿದ್ದ ಆದರವನ್ನು ತಿಳಿಯಲು ಆ ಶಬ್ದವೇ ಸಾಕು. ‘ತಿಲ’ ಎಂದರೆ ಎಳ್ಳು. ತಿಲದಿಂದ ಬಂದದ್ದು ‘ತೈಲ’. ನಮ್ಮ ದೇಶೀಯ ಮಾತೂ ಅದೇ ದಾರಿಯನ್ನು ಹಿಡಿದಿದೆ; ‘ಎಳ್’ ಮತ್ತು ‘ನೆಯ್’ ಎಂಬ ಎರಡು ಪದಗಳು ಕೂಡಿ ‘ಎಣ್ಣೆ’ಯಾಯಿತು. (‘ಬೆಳ್’ ಮತ್ತು ‘ನೆಯ್’ ಕೂಡಿದರೆ ‘ಬೆಣ್ಣೆ’. ದಾವಣಗೆರೆಯ ದೋಸೆಯನ್ನು ತಿನ್ನುವವರು ಇಷ್ಟು ವ್ಯಾಕರಣವನ್ನು ಅರಿತಿದ್ದರೆ ರುಚಿಯೇನೂ ಕೆಡದು.) ಹೀಗೆ ಎರಡು ಭಾಷೆಗಳಲ್ಲಿಯೂ ಎಣ್ಣೆಯೆಂದರೆ ಮೊದಲು ಎಳ್ಳಿನ ಎಣ್ಣೆಯೇ, ಉಳಿದವೆಲ್ಲವೂ ಅದರ ಹೆಸರನ್ನು ಸಾಲವಾಗಿ ಪಡೆದವು. ಇನ್ನು ಸಂಸ್ಕೃತದಲ್ಲಿ ಜಿಡ್ಡಿಗೂ ಪ್ರೀತಿಗೂ ‘ಸ್ನೇಹ’ ಎಂಬ ಒಂದೇ ಹೆಸರಿರುವುದನ್ನು ಎಲ್ಲರೂ ಬಲ್ಲರು. ಚರಕನು ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ನಿತ್ಯವೂ ತಲೆಗೆ ಎಣ್ಣೆ ಹಚ್ಚುವವನಿಗೆ ಶಿರಶ್ಶೂಲೆಯೂ ಬಕ್ಕತನವೂ ನರೆಯೂ ಬಾರವೆಂದು ಹೇಳಿದ್ದಾನೆ. ವಾಗ್ಭಟನು ತಲೆ, ಕಿವಿ, ಅಂಗಾಲು ಈ ಮೂರು ಕಡೆಗಳಲ್ಲಿ ಅಭ್ಯಂಗವು ವಿಶೇಷವಾಗಿ ನಡೆಯಬೇಕೆಂದಿದ್ದಾನೆ. ಬಕ್ಕತನ ಮತ್ತು ನರೆಯ ಮಾತನ್ನು ಇಂದಿನ ವೈದ್ಯರು ಒಪ್ಪುವುದಿಲ್ಲ. ಕೂದಲು ಹುಟ್ಟುವುದು ಚರ್ಮದ ಒಳಗೆ, ಮೇಲೆ ಹಚ್ಚಿದ ಎಣ್ಣೆಯು ಆ ಬೇರಿಗೆ ಆಹಾರವಾಗದು. ಆದರೆ ಈಗಾಗಲೇ ಹೊರಬಂದಿರುವ ಕೂದಲಿನ ರಕ್ಷಣೆಯಲ್ಲಿ ಎಣ್ಣೆಗೆ ನಿಜವಾದ ಕೆಲಸವುಂಟು. ಅದು ಹೇಗೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುವೆನು. ಇದನ್ನು ತಿಳಿದವರಿಗೆ ಉಳಿದ ವಿಧಿಗಳೆಲ್ಲ ತಾವಾಗಿಯೇ ಹೊಳೆಯುವುವು.

ಜಿನೀವಾ ನಗರದ ಸೊಸ್ಯೂರ್ ಎಂಬ ವಿದ್ವಾಂಸನು 1783ರಲ್ಲಿ ಗಾಳಿಯ ತೇವವನ್ನು ಅಳೆಯುವ ಯಂತ್ರವೊಂದನ್ನು ಪ್ರಕಟಿಸಿದನು. ಆ ಯಂತ್ರದ ಜೀವಾಳವು ಮನುಷ್ಯನ ತಲೆಯ ಒಂದು ಕೂದಲು. ಗಾಳಿ ಒಣಗಿದ್ದಾಗ ಕೂದಲು ಕುಗ್ಗುವುದು, ತೇವವಾದಾಗ ಹಿಗ್ಗುವುದು. ಅದಕ್ಕೆ ಕಟ್ಟಿದ ಮುಳ್ಳು ಅದಕ್ಕೆ ತಕ್ಕಂತೆ ಚಲಿಸುವುದು. ಪೂರ್ಣ ಒಣಗಿದ ಸ್ಥಿತಿಯಿಂದ ಪೂರ್ಣ ತೇವದ ಸ್ಥಿತಿಗೆ ಬರುವಷ್ಟರಲ್ಲಿ ನೂರು ಅಂಗುಲದ ಕೂದಲು ಸುಮಾರು ಎರಡೂವರೆ ಅಂಗುಲದಷ್ಟು ಉದ್ದವಾಗುವುದು. ಇದರಲ್ಲಿ ಗೃಹಿಣಿಯರು ಮನಸ್ಸಿಟ್ಟು ಗಮನಿಸಬೇಕಾದ ಅಂಶವೊಂದಿದೆ. ಸೊಸ್ಯೂರನು ಕೂದಲನ್ನು ಯಂತ್ರಕ್ಕೆ ಕಟ್ಟುವ ಮುನ್ನ ಸೋಡಾ ಬೆರೆತ ನೀರಿನಲ್ಲಿ ಕುದಿಸಿ, ಅದರಲ್ಲಿದ್ದ ಜಿಡ್ಡನ್ನೆಲ್ಲ ತೆಗೆದುಬಿಡುತ್ತಿದ್ದನು. ಜಿಡ್ಡಿಲ್ಲದ ಕೂದಲು ಗಾಳಿಯ ತೇವಕ್ಕೆ ತಟ್ಟನೆ ಓಗೊಡುತ್ತದೆ ಎಂಬುದೇ ಇದರ ಅರ್ಥ. ಕಟುವಾದ ಸಾಬೂನಿನಿಂದ ದಿನದಿನವೂ ತಲೆ ತೊಳೆಯುವವರು ತಿಳಿಯದೆಯೇ ತಮ್ಮ ತಲೆಯನ್ನು ಒಂದು ತೇವಮಾಪಕವನ್ನಾಗಿ ಮಾಡಿಕೊಳ್ಳುತ್ತಾರೆ.

ಕೂದಲಿನ ಹೊರಮೈಯಲ್ಲಿ ಮೀನಿನ ಪೊರೆಯಂತೆ, ಅಥವಾ ಮನೆಯ ಮಾಡಿಗೆ ಹೊದಿಸಿದ ಹೆಂಚುಗಳಂತೆ, ಒಂದರ ಮೇಲೊಂದು ಚಾಚಿಕೊಂಡಿರುವ ಸೂಕ್ಷ್ಮ ಪದರಗಳಿರುತ್ತವೆ. ಅವುಗಳ ತೆರೆದ ಅಂಚು ತುದಿಯ ಕಡೆಗಿರುವುದು. ಪದರಗಳು ಒತ್ತಾಗಿ ಮಲಗಿದ್ದರೆ ಕೂದಲು ನುಣುಪಾಗಿಯೂ ಹೊಳಪಾಗಿಯೂ ಇರುವುದು; ಅವು ಎದ್ದರೂ ಒಡೆದರೂ ಒರಟಾಗುವುದು. ನೆಟ್ಟಗಿನ ಕೂದಲಿನಲ್ಲಿ ಚರ್ಮದಿಂದ ಒಸರುವ ಸ್ವಾಭಾವಿಕವಾದ ಜಿಡ್ಡು ಬುಡದಿಂದ ತುದಿಯವರೆಗೆ ಸಲೀಸಾಗಿ ಇಳಿದುಬರುತ್ತದೆ. ಗುಂಗುರು ಕೂದಲಿನಲ್ಲಿ ತಿರುವುಗಳು ಹೆಚ್ಚಾದ್ದರಿಂದ ಆ ಜಿಡ್ಡು ಬುಡದಲ್ಲಿಯೇ ಉಳಿದು, ತುದಿಯು ಬರಡಾಗುವುದು. ಬರಡಾದ ತುದಿಗಳು ಮಳೆಗಾಲದ ಗಾಳಿಯಿಂದ ತೇವವನ್ನು ಹೀರಿ, ಒಂದೊಂದೂ ಒಂದೊಂದು ಪ್ರಮಾಣದಲ್ಲಿ ಹಿಗ್ಗಿ, ಒಂದೊಂದು ಕಡೆಗೆ ಬಾಗುತ್ತವೆ. ನಾವು ಕೆದರುವುದೆಂದು ಕರೆಯುವುದು ಇದನ್ನೇ. ನಮ್ಮ ಚನ್ನಗಿರಿ ಸೀಮೆಯು ಅರೆಮಲೆನಾಡು. ಚೈತ್ರ ವೈಶಾಖಗಳಲ್ಲಿ ಬಯಲುಸೀಮೆಯ ಒಣಗಾಳಿ, ಆಷಾಢ ಶ್ರಾವಣಗಳಲ್ಲಿ ಮಲೆನಾಡಿನ ಜಡಿ. ಇದರ ಮೇಲೆ ಭದ್ರಾ ನಾಲೆಯ ನೀರಿನಿಂದ ಗದ್ದೆ ತೋಟಗಳ ತಂಪು ಬೇರೆ. ಎರಡೂ ಬಗೆಯ ಗಾಳಿಯನ್ನು ಒಂದೇ ವರ್ಷದಲ್ಲಿ ಉಣ್ಣುವ ಕೂದಲು ಬಳಲುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನು ಎಣ್ಣೆಗಳ ವಿಚಾರ. ಈ ಕಡೆಯ ಮನೆಗಳಲ್ಲಿ ತಲೆಗೆ ಬಳಕೆಯಾಗುವುವು ಮುಖ್ಯವಾಗಿ ಮೂರು: ಕೊಬ್ಬರಿಎಣ್ಣೆ, ಎಳ್ಳೆಣ್ಣೆ, ಹರಳೆಣ್ಣೆ. ಇವು ಮೂರಕ್ಕೂ ಒಂದೇ ಗುಣವೆಂದು ಭಾವಿಸುವುದು ತಪ್ಪು. ಕೊಬ್ಬರಿಎಣ್ಣೆಯ ಕೊಬ್ಬಿನಲ್ಲಿ ಸುಮಾರು ಅರ್ಧಪಾಲು ಲಾರಿಕ್ ಆಮ್ಲವೆಂಬುದು. ಅದರ ಕಣವು ಚಿಕ್ಕದು, ನೇರವಾದದ್ದು. ಆದುದರಿಂದ ಅದು ಕೂದಲಿನ ಮೇಲೆ ಕುಳಿತಿರುವುದಲ್ಲದೆ ಒಳಕ್ಕೂ ಇಳಿಯಬಲ್ಲದು. ಮುಂಬಯಿಯ ರೇಲೆ ಮತ್ತು ಮೋಹಿಲೆ ಎಂಬ ಸಂಶೋಧಕರು 2003ರಲ್ಲಿ ಕೊಬ್ಬರಿಎಣ್ಣೆ, ಸೂರ್ಯಕಾಂತಿಎಣ್ಣೆ, ಖನಿಜತೈಲ ಈ ಮೂರನ್ನೂ ಹೋಲಿಸಿ ನೋಡಿ, ತೊಳೆಯುವಾಗ ಮತ್ತು ಬಾಚುವಾಗ ಕೂದಲಿನಿಂದ ನಷ್ಟವಾಗುವ ಸಾರವನ್ನು ಕೊಬ್ಬರಿಎಣ್ಣೆಯೊಂದೇ ಗಣನೀಯವಾಗಿ ತಗ್ಗಿಸಿತೆಂದು ಪ್ರಕಟಿಸಿದರು. ಅವರು ಕೊಬ್ಬರಿಎಣ್ಣೆಯನ್ನು ಮಾರುವ ಕಂಪೆನಿಯೊಂದರ ಪ್ರಯೋಗಶಾಲೆಯವರೆಂಬುದನ್ನು ವಾಚಕರು ಮರೆಯಬಾರದು. ಆದರೂ ಕೊಬ್ಬರಿಎಣ್ಣೆಯು ಕೂದಲಿನ ಒಳಕ್ಕೆ ಇಳಿಯುವುದೆಂಬ ಅಂಶವು ಅನಂತರದ ಪರೀಕ್ಷೆಗಳಲ್ಲಿಯೂ ಕಂಡುಬಂದಿದೆ.

ಎಳ್ಳೆಣ್ಣೆಯು ಹೆಚ್ಚಾಗಿ ಹೊರಮೈಯಲ್ಲಿಯೇ ನಿಂತು ನುಣುಪನ್ನು ಕೊಡತಕ್ಕದ್ದು. ಕೊಬ್ಬರಿಎಣ್ಣೆಯಿಂದ ನೆಗಡಿಯಾಗುವುದೆಂದು ಹೇಳುವವರು ಇದನ್ನು ಬಳಸಬಹುದು. ವಾಸನೆಯನ್ನು ಸಹಿಸಬೇಕು, ಅಷ್ಟೆ. ಹರಳೆಣ್ಣೆಯ ವಿಷಯದಲ್ಲಿ ಮಾತ್ರ ನಾನು ಎಚ್ಚರಿಕೆಯನ್ನು ಹೇಳಲೇಬೇಕು. ತಂಪೆಂಬ ನಂಬಿಕೆಯಿಂದ ಅದನ್ನು ನೆತ್ತಿಗೆ ತುಂಬುವುದು ನಮ್ಮಲ್ಲಿ ರೂಢಿ. ಅದು ಬಹಳ ಮಂದವಾದ ಎಣ್ಣೆ. ಕೂದಲನ್ನು ಕೂದಲಿಗೆ ಅಂಟಿಸುವ ಶಕ್ತಿಯು ಅದರಲ್ಲಿ ಹೆಚ್ಚು. ಹರಳೆಣ್ಣೆ ಮತ್ತು ಕೊಬ್ಬರಿಎಣ್ಣೆಯನ್ನು ಬೆರೆಸಿ ಹಚ್ಚಿಕೊಂಡು ತಲೆ ತೊಳೆದ ಇಪ್ಪತ್ತು ವರ್ಷದ ಯುವತಿಯೊಬ್ಬಳ ಉದ್ದಗೂದಲು ಆ ಸ್ನಾನದಲ್ಲಿಯೇ ಹಕ್ಕಿಯ ಗೂಡಿನಂತೆ ಗಟ್ಟಿಯಾಗಿ ಹೆಣೆದುಕೊಂಡು, ಕಡೆಗೆ ಕತ್ತರಿಸಬೇಕಾದ ಪ್ರಸಂಗವು 2017ರಲ್ಲಿ ನಮ್ಮ ದೇಶದ ವೈದ್ಯರಿಂದ ವರದಿಯಾಗಿದೆ. ಇಂತಹವು ಅಪರೂಪವೆಂಬುದು ನಿಜ. ಆದರೆ ಉದ್ದವೂ ಗುಂಗುರೂ ಆದ ಕೂದಲಿನವರು ಹರಳೆಣ್ಣೆಯನ್ನು ಬಿಟ್ಟರೆ ನಷ್ಟವೇನೂ ಇಲ್ಲ. ಬಿಡಲೊಲ್ಲದವರು ಹತ್ತು ಪಾಲು ಕೊಬ್ಬರಿಎಣ್ಣೆಗೆ ಒಂದು ಪಾಲಿಗಿಂತ ಹೆಚ್ಚಾಗಿ ಬೆರೆಸಕೂಡದು, ಮತ್ತು ತೊಳೆಯುವಾಗ ಕೂದಲನ್ನು ನೆತ್ತಿಯ ಮೇಲೆ ರಾಶಿಮಾಡಿ ಉಜ್ಜಕೂಡದು.

ಹಚ್ಚುವ ಕ್ರಮದಲ್ಲಿ ನಮ್ಮವರು ಮಾಡುವ ದೊಡ್ಡ ತಪ್ಪು ಪ್ರಮಾಣದ್ದು. ಸೊಂಟದವರೆಗಿನ ಕೂದಲಿಗೂ ಒಂದೆರಡು ಚಹಾಚಮಚದಷ್ಟು ಎಣ್ಣೆಯು ಒಂದು ಸಲಕ್ಕೆ ಧಾರಾಳವಾಯಿತು. ಎರಡನೆಯ ತಪ್ಪು ಸ್ಥಳದ್ದು. ನೆತ್ತಿಯ ಮೇಲೆ ಸುರಿದು ತಟ್ಟುವುದರಿಂದ, ಮೊದಲೇ ಜಿಡ್ಡುಳ್ಳ ಬುಡಕ್ಕೆ ಮತ್ತೂ ಜಿಡ್ಡಾಯಿತು. ಬಾಯಾರಿದ ತುದಿಗೆ ತೊಟ್ಟೂ ಮುಟ್ಟಲಿಲ್ಲ. ಎಣ್ಣೆಯನ್ನು ಅಂಗೈಗಳಲ್ಲಿ ತಿಕ್ಕಿಕೊಂಡು, ಕೂದಲನ್ನು ನಾಲ್ಕು ಪಾಲು ಮಾಡಿ, ನಡುವಿನಿಂದ ತುದಿಯವರೆಗೆ ಎಳೆಎಳೆಯಾಗಿ ಸವರಬೇಕು. ಕೈಯಲ್ಲಿ ಉಳಿದದ್ದು ಬುಡಕ್ಕೆ ಸಾಕು. ಇದನ್ನು ಸ್ನಾನಕ್ಕೆ ಒಂದು ಗಂಟೆ ಮೊದಲು ಮಾಡಬೇಕು, ಅಥವಾ ಹಿಂದಿನ ರಾತ್ರಿಯೇ ಮಾಡಿ ಹಳೆಯ ಹತ್ತಿಬಟ್ಟೆಯನ್ನು ತಲೆಗೆ ಸುತ್ತಿ ಮಲಗಬೇಕು. ನೀರು ಬೀಳುವ ಮುನ್ನವೇ ಎಣ್ಣೆಯು ಒಳಗೆ ಸೇರಿದ್ದರೆ, ಕೂದಲು ನೀರನ್ನು ಕುಡಿದು ಉಬ್ಬುವುದು ಕಡಮೆಯಾಗುವುದು. ನರಕಚತುರ್ದಶಿಯಂದೂ ಯುಗಾದಿಯಂದೂ ಎಣ್ಣೆ ಮೊದಲು, ಎರೆಯುವುದು ಆಮೇಲೆ ಎಂದು ನಡೆದುಬಂದಿರುವ ಕ್ರಮವು ಈ ಯುಕ್ತಿಗೆ ಚೆನ್ನಾಗಿ ಒಪ್ಪುತ್ತದೆ. ಆ ಕ್ರಮವನ್ನು ವರ್ಷಕ್ಕೆ ಎರಡು ದಿನಕ್ಕೆ ಬಿಡದೆ ವಾರಕ್ಕೊಮ್ಮೆ ಅನುಸರಿಸಿದರೆ ಗುಂಗುರು ಕೂದಲು ಒಂದೆರಡು ತಿಂಗಳಲ್ಲಿ ಕೈಗೆ ಹೊಂದಿಕೊಳ್ಳುವುದು.

ತೊಳೆಯಲು ಸೀಗೆಯಾಗಲಿ ಅಂಟುವಾಳವಾಗಲಿ ಒಳ್ಳೆಯದು. ಕೊಳವೆಬಾವಿಯ ಗಡಸುನೀರಿನಲ್ಲಿ ಸಾಬೂನು ನೊರೆಯಾಗದೆ ಬಿಳಿಯ ಕಿಟ್ಟವಾಗಿ ಕೂದಲಿಗೆ ಹತ್ತಿಕೊಳ್ಳುತ್ತದೆ. ಸೀಗೆಗೆ ಆ ದೋಷವಿಲ್ಲ. ಸೀಗೆಪುಡಿಯನ್ನು ವಸ್ತ್ರಗಾಲಿಸದೆ ಹಚ್ಚಿದರೆ ಅದರ ತರಿಯೇ ಕೂದಲನ್ನು ಕೆರೆಯುವುದು, ಕಣ್ಣಿಗೂ ಕೇಡು. ತೊಳೆದ ಮೇಲೆ ಒರಟು ಟವೆಲಿನಿಂದ ಝಾಡಿಸುವ ಪದ್ಧತಿಯನ್ನು ಬಿಟ್ಟು, ಮೆತ್ತನೆಯ ಹಳೆಯ ಪಂಚೆಯಿಂದ ಒತ್ತಿ ನೀರನ್ನು ತೆಗೆಯಬೇಕು. ಕೂದಲು ಇನ್ನೂ ಹಸಿಯಾಗಿರುವಾಗಲೇ ಮೂರು ನಾಲ್ಕು ತೊಟ್ಟು ಎಣ್ಣೆಯನ್ನು ಅಂಗೈಗೆ ಹಾಕಿಕೊಂಡು ತುದಿಗಳಿಗೆ ಸವರಿ, ಅಗಲ ಹಲ್ಲಿನ ಮರದ ಹಣಿಗೆಯಿಂದ ತುದಿಯಿಂದ ಆರಂಭಿಸಿ ಮೇಲಕ್ಕೆ ಸಿಕ್ಕು ಬಿಡಿಸುತ್ತ ಹೋಗಬೇಕು. ಗುಂಗುರು ಕೂದಲನ್ನು ಒಣಗಿದಾಗ ಬಾಚುವುದೆಂದರೆ ಕೆದರಿಸುವುದೆಂದೇ ಅರ್ಥ. ಮಗುವಿನ ಕಣ್ಣೀರಿಗೆ ಕಾರಣವು ಅದರ ಕೂದಲಲ್ಲ, ನೆತ್ತಿಯಿಂದ ಕೆಳಗೆಳೆಯುವ ನಮ್ಮ ಕೈ.

ಸೊಪ್ಪುಗಳನ್ನು ಹಾಕಿ ಎಣ್ಣೆ ಕಾಯಿಸುವ ಗೃಹಿಣಿಯರು ಅನೇಕರಿದ್ದಾರೆ. ದಾಸವಾಳ, ಗರುಗ, ಕರಿಬೇವು, ಮೆಂತ್ಯ ಇವು ಅವರವರ ಇಷ್ಟ. ಆಯುರ್ವೇದದ ಸಾಮಾನ್ಯ ಲೆಕ್ಕವು ಹೀಗಿದೆ: ಅರೆದ ಸೊಪ್ಪು 1 ಪಾಲು, ಎಣ್ಣೆ 4 ಪಾಲು, ರಸ ಅಥವಾ ಕಷಾಯ 16 ಪಾಲು. ಸಣ್ಣ ಉರಿಯಲ್ಲಿ ನೀರಿನ ಅಂಶವೆಲ್ಲ ಆರಿಹೋಗುವವರೆಗೆ ಕಾಯಿಸಬೇಕು. ಪಾಕವು ಮುಗಿದುದಕ್ಕೆ ಶಾಸ್ತ್ರವು ಹೇಳಿರುವ ಗುರುತುಗಳು ಬಹಳ ಸೊಗಸಾಗಿವೆ. ಗಸಿಯನ್ನು ಬೆರಳುಗಳ ನಡುವೆ ಹೊಸೆದರೆ ಬತ್ತಿಯಂತೆ ಬರಬೇಕು. ಅದನ್ನು ಬೆಂಕಿಗೆ ಹಾಕಿದರೆ ಚಟಪಟವೆನ್ನಬಾರದು. ಎಣ್ಣೆಯಾದರೆ ನೊರೆಯೇಳಬೇಕು, ತುಪ್ಪವಾದರೆ ನೊರೆ ಅಡಗಬೇಕು. ನೀರು ಉಳಿದ ಎಣ್ಣೆಯು ಕೆಲವೇ ದಿನಗಳಲ್ಲಿ ಬೂಸಲು ಹಿಡಿದು ಕಮಟುವುದು. ನಮ್ಮ ಮನೆಗಳ ಕಾಯಿಸಿದ ಎಣ್ಣೆಗಳು ಕೆಡುವುದು ಬಹುಮಟ್ಟಿಗೆ ಈ ಅವಸರದಿಂದಲೇ. ಸೊಪ್ಪಿನಿಂದ ಬಣ್ಣವೂ ಪರಿಮಳವೂ ಬರುವುವು, ಸಂತೋಷ. ಕೆದರುವ ಕೂದಲನ್ನು ಪಳಗಿಸುವ ಮಟ್ಟಿಗೆ ಮಾತ್ರ ಬರಿಯ ಗಾಣದ ಕೊಬ್ಬರಿಎಣ್ಣೆಯೇ ಸಾಕು.

ಹೊಟ್ಟು ಇರುವ ತಲೆಗೆ ಎಣ್ಣೆ ತುಂಬಬಾರದು. ಹೊಟ್ಟಿಗೆ ಕಾರಣವಾದ ಸೂಕ್ಷ್ಮಜೀವಿಯು ಜಿಡ್ಡನ್ನೇ ತಿಂದು ಬೆಳೆಯತಕ್ಕದ್ದು. ಅಂತಹವರು ನೆತ್ತಿಯನ್ನು ಬಿಟ್ಟು ತುದಿಗಳಿಗೆ ಮಾತ್ರ ಸವರಬೇಕು. ಎಳೆಗೂಸುಗಳಿಗೆ ತಲೆ ತಟ್ಟುವಾಗ ಮೂಗಿಗೂ ಕಿವಿಗೂ ಎಣ್ಣೆ ಬಿಡುವ ಹಳೆಯ ವಾಡಿಕೆಯನ್ನು ಖಂಡಿತವಾಗಿ ನಿಲ್ಲಿಸಬೇಕು. ಎಣ್ಣೆಯು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ.

ಅಂಗಡಿಯ ಸುವಾಸಿತ ತೈಲಗಳನ್ನು ಕೊಳ್ಳುವವರು ಸೀಸೆಯ ಹಿಂದಿನ ಸಣ್ಣ ಅಕ್ಷರಗಳನ್ನು ಓದಲಿ. ಮುಂಭಾಗದಲ್ಲಿ ಬಾದಾಮಿಯ ಚಿತ್ರ, ನೆಲ್ಲಿಕಾಯಿಯ ಚಿತ್ರ. ಹಿಂಭಾಗದಲ್ಲಿ ಅನೇಕ ಸಲ ‘ಲಿಕ್ವಿಡ್ ಪ್ಯಾರಾಫಿನ್’, ಎಂದರೆ ಭೂಮಿಯಿಂದ ತೆಗೆದ ಖನಿಜತೈಲ. ಅದು ವಿಷವಲ್ಲ, ಹೊಳಪನ್ನೂ ಕೊಡುವುದು. ಆದರೆ ಕೂದಲಿನ ಒಳಕ್ಕೆ ಇಳಿಯದು, ಬಾದಾಮಿಯ ಬೆಲೆಗೆ ಯೋಗ್ಯವೂ ಅಲ್ಲ. ಕೊಬ್ಬರಿಎಣ್ಣೆಯಾದರೋ ತಿನ್ನುವುದಕ್ಕೂ ಹಚ್ಚುವುದಕ್ಕೂ ಒಂದೇ. ಚಿಕ್ಕ ಸೀಸೆಯ ಕೊಬ್ಬರಿಎಣ್ಣೆಯು ತೆರಿಗೆಯ ಲೆಕ್ಕದಲ್ಲಿ ಆಹಾರವೋ ಕೇಶತೈಲವೋ ಎಂಬ ವ್ಯಾಜ್ಯವು ವರ್ಷಗಟ್ಟಲೆ ನಡೆದು, 2024ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತಿನ್ನುವ ಎಣ್ಣೆಯೆಂದೇ ಗಣಿಸಬಹುದೆಂದು ತೀರ್ಮಾನಿಸಿತು. ನಮ್ಮ ಅಜ್ಜಿಯಂದಿರನ್ನು ಕೇಳಿದ್ದರೆ ವಕೀಲರ ಶುಲ್ಕವಾದರೂ ಉಳಿಯುತ್ತಿತ್ತು.

ಮದುವೆಯ ಮಾತುಕತೆ ಆರಂಭವಾದೊಡನೆ ಕನ್ಯೆಯನ್ನು ಪೇಟೆಯ ಶೃಂಗಾರದಂಗಡಿಗೆ ಕರೆದೊಯ್ದು ಕೂದಲನ್ನು ನೆಟ್ಟಗೆ ಮಾಡಿಸುವ ಪದ್ಧತಿಯು ಈಗ ಹಳ್ಳಿಗಳನ್ನೂ ಮುಟ್ಟಿದೆ. ಇದಕ್ಕೆ ಬಳಸುವ ಕೆಲವು ದ್ರವಗಳಿಂದ ಕಾಯಿಸಿದಾಗ ಫಾರ್ಮಾಲ್ಡಿಹೈಡ್ ಎಂಬ ಹೊಗೆ ಏಳುವುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅದನ್ನು 2004ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಅದರ ಫಲವು ಕೆಲವು ತಿಂಗಳು ಮಾತ್ರ. ಬುಡದಿಂದ ಬರುವ ಹೊಸ ಕೂದಲು ಗುಂಗುರಾಗಿಯೇ ಬರುವುದು. ವರನಿಗೆ ಈ ಸಂಗತಿಯು ಹೇಗೂ ಆರು ತಿಂಗಳಲ್ಲಿ ತಿಳಿಯುವುದಾದ್ದರಿಂದ ಮೊದಲೇ ತಿಳಿದರೆ ಹಾನಿಯೇನು?

ಇದುವರೆಗೆ ಹೇಳಿದ್ದು ಅಂದಚೆಂದದ ಮಾತಾಯಿತು. ಇನ್ನು ಹೇಳಬೇಕಾದದ್ದು ಅದಕ್ಕಿಂತ ದೊಡ್ಡದು. ಕೂದಲಿನ ಪದರಗಳು ಒಂದೇ ದಿಕ್ಕಿಗೆ ಚಾಚಿರುವುದರಿಂದ, ಒಣಗಿ ಒರಟಾದ ಕೂದಲುಗಳು ಪರಸ್ಪರ ಉಜ್ಜಿದಾಗ ಮುಂದಕ್ಕೆ ಜಾರುವುವು, ಹಿಂದಕ್ಕೆ ಬಾರವು. ಕುರಿಯ ಉಣ್ಣೆಯನ್ನು ಒದ್ದೆಮಾಡಿ ತಿಕ್ಕಿದರೆ ಹೇಗೆ ಹೆಪ್ಪುಗಟ್ಟಿದಂತಾಗುವುದೋ ಹಾಗೆಯೇ, ಗುಂಗುರು ಕೂದಲು ಕೆಲವು ವಾರ ಎಣ್ಣೆ ಹಣಿಗೆಗಳನ್ನು ಕಾಣದಿದ್ದರೆ ಜಡೆಗಟ್ಟುವುದು. ಜ್ವರ ಬಂದು ತಿಂಗಳು ಮಲಗಿದ ಮಗುವಿಗೂ, ನೋಡಿಕೊಳ್ಳುವವರಿಲ್ಲದ ಮಗುವಿಗೂ ಇದು ಸುಲಭವಾಗಿ ಬರತಕ್ಕದ್ದು. ‘ಜಟಾ’ ಎಂಬುದರಿಂದ ಬಂದ ‘ಜಡೆ’ ಎಂಬ ಒಂದೇ ಮಾತು ನಮ್ಮಲ್ಲಿ ಹೆಣೆದ ಹೆರಳಿಗೂ ಸಿಕ್ಕುಗಟ್ಟಿದ ಗಂಟಿಗೂ ಸಲ್ಲುವುದು. ಆದರೆ ಎರಡನೆಯದು ತಲೆಯಲ್ಲಿ ಕಂಡರೆ ಅದು ಎಲ್ಲಮ್ಮನ ಕುರುಹು, ದೇವಿಯು ಮಗುವನ್ನು ಬೇಡುತ್ತಿದ್ದಾಳೆ, ಕತ್ತರಿಸಿದರೆ ಮನೆಗೆ ಕೇಡು ಎಂಬ ನಂಬಿಕೆಯು ಉತ್ತರದ ಜಿಲ್ಲೆಗಳಲ್ಲಿ ಬಲವಾಗಿ ಬೇರೂರಿತ್ತು. ಹೀಗೆ ಕುರುಹು ಬಿದ್ದ ಎಷ್ಟೋ ಬಡ ಹೆಣ್ಣುಮಕ್ಕಳು ಸವದತ್ತಿಯಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದರು. ಈಗ ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿಗೆ ಸೇರಿದ, ದಾವಣಗೆರೆಗೆ ಸಮೀಪದ ಉಚ್ಚಂಗಿದುರ್ಗವೂ ಅಂತಹ ಸಮರ್ಪಣೆಗಳು ನಡೆಯುತ್ತಿದ್ದ ಸ್ಥಳವೇ. 1982ರಲ್ಲಿ ಕರ್ನಾಟಕವು ಈ ಸಮರ್ಪಣೆಯನ್ನು ಕಾನೂನಿನಿಂದ ನಿಷೇಧಿಸಿತು. ನಂಬಿಕೆಯು ಕಾನೂನಿನಷ್ಟು ಬೇಗ ಬದಲಾಗತಕ್ಕದ್ದಲ್ಲ.

ಈ ಭ್ರಮೆಯು ನಮ್ಮವರಿಗೆ ಮಾತ್ರ ಮೀಸಲೆಂದು ಯಾರೂ ತಿಳಿಯಬೇಕಾಗಿಲ್ಲ. ಯೂರೋಪಿನ ಪೋಲೆಂಡ್ ದೇಶದಲ್ಲಿ ಜಡೆಗಟ್ಟಿದ ತಲೆಯು ಶತಮಾನಗಳವರೆಗೆ ಸಾಮಾನ್ಯವಾಗಿತ್ತು. ಅದನ್ನು ಕತ್ತರಿಸಿದರೆ ಕುರುಡುತನವೋ ಹುಚ್ಚೋ ಬರುವುದೆಂದು ಅಲ್ಲಿಯ ಜನರೂ ಹೆದರುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಕ್ರಾಕೋ ನಗರದ ವೈದ್ಯ ಯೂಸೆಫ್ ದಿಯೆತ್ಲ್ ಎಂಬಾತನು ಇದು ದೈವವೂ ಅಲ್ಲ, ರೋಗವೂ ಅಲ್ಲ, ಶುಚಿತ್ವದ ಅಭಾವವೆಂದು ಸಾಧಿಸಿ ಅದರ ವಿರುದ್ಧ ಹೋರಾಡಿದನು.

ಜಡೆಯು ಹೊಸದಾಗಿದ್ದರೆ, ಬೆರಳ ಗಾತ್ರದ್ದಾಗಿದ್ದರೆ, ಕೊಬ್ಬರಿಎಣ್ಣೆಯನ್ನು ಉಗುರುಬೆಚ್ಚಗೆ ಮಾಡಿ ಗಂಟು ತೊಯ್ಯುವಂತೆ ಹಚ್ಚಿ ಒಂದು ರಾತ್ರಿ ಬಿಡಬೇಕು. ಮರುದಿನ ದಬ್ಬಣದಂತಹ ಮೊಂಡುತುದಿಯ ಕಡ್ಡಿಯಿಂದ ಹೊರಗಿನ ಎಳೆಗಳನ್ನು ಒಂದೊಂದಾಗಿ, ತುದಿಯ ಕಡೆಯಿಂದ ಬಿಡಿಸಬೇಕು. ಎರಡು ಮೂರು ದಿನ ಹಿಡಿದರೂ ಬೇಸರಿಸಬಾರದು. ಬಿಡಿಸಿ ಮುಗಿಯುವವರೆಗೆ ನೀರು ತಾಗಿಸಬಾರದು, ತಾಗಿದರೆ ಗಂಟು ಮತ್ತೂ ಬಿಗಿಯುವುದು. ಹಳೆಯದಾಗಿ ಕಲ್ಲಿನಂತಾಗಿದ್ದರೆ, ಒಳಗೆ ಹೇನೂ ಗಾಯವೂ ಇರುವ ಸಂಭವವುಂಟು. ಆಗ ಕತ್ತರಿಯೇ ದಾರಿ. ಮನೆಯವರು ಅಂಜಿದರೆ ಆಸ್ಪತ್ರೆಯಲ್ಲಿ ವೈದ್ಯರ ಕೈಯಿಂದಲೇ ತೆಗೆಸಬಹುದು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ ಬೆಳೆಯತಕ್ಕದ್ದಾದ್ದರಿಂದ ಮುಂದಿನ ಯುಗಾದಿಯ ಹೊತ್ತಿಗೆ ಅದು ಮಗುವಿನ ಕಿವಿಯನ್ನು ಮುಚ್ಚುವುದು. ಗುಂಗುರಾಗಿಯೇ ಬರುವುದು, ಮೊದಲ ತಿಂಗಳಿಂದಲೇ ಅದಕ್ಕೆ ಎರಡು ತೊಟ್ಟು ಎಣ್ಣೆಯನ್ನು ಸವರುತ್ತ ಬರಬಹುದು.